ಅತ್ತೆಯ ಕೂಗು, ಅಳಿಯನ ಹೆಸರು

ಮೀನು ಕರೆದರೆ ಬರುವುದಿಲ್ಲ. ಸಂಜೆ ಬಲೆ ಹಾಕಬೇಕು, ಬೆಳಗ್ಗೆ ಹೋಗಿ ಎತ್ತಬೇಕು, ಅಷ್ಟೇ. ಅಂಬ್ರೋಸ್ ಹುಟ್ಟಿ ಬೆಳೆದ ದೊಡ್ಡ ಸರೋವರದ ಕಡೆ ಬದುಕು ನಡೆಯುತ್ತಿದ್ದದ್ದೇ ಹಾಗೆ. ಹೀಗಾಗಿ ಅವನು ಫ್ಲೋರಾಳನ್ನು ಮದುವೆಯಾಗಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ ನಮ್ಮೂರು ಹೆಗಲಹಾದಿಗೆ ಮನೆಯಳಿಯನಾಗಿ ಬಂದಾಗ ಅವನಿಗೆ ಮೂಸ್ ಕರೆಯುವುದು ಗೊತ್ತಿರಲಿಲ್ಲ. ಅದಕ್ಕಾಗಿ ಅವನನ್ನು ಆಡಿಕೊಂಡು ಪ್ರಯೋಜನವಿರಲಿಲ್ಲ. ಆದರೆ ನಮ್ಮ ಊರಿನವರು ಪ್ರಯೋಜನ ನೋಡಿ ಆಡಿಕೊಳ್ಳುವ ಜನವಲ್ಲ.

ಮ್ಯಾನಿಟೋಬಾದ ಉತ್ತರಕ್ಕೆ, ನಮ್ಮ ಕ್ರೀ ಜನರ ಕಡೆ, ಚಳಿಗಾಲವನ್ನು ದಾಟಿಸುವುದು ಮೂಸಿನ ಮಾಂಸ. ಮೂಸ್ ಕಡವೆಯ ಜಾತಿಯದೇ, ಆದರೆ ಕುದುರೆಗಿಂತ ಎತ್ತರ. ಸೆಪ್ಟೆಂಬರ್ ಕೊನೆಗೆ ಗಂಡಿಗೆ ಮದ ಬರುತ್ತದೆ. ಆಗ ಬರ್ಚ್ ಮರದ ತೊಗಟೆಯನ್ನು ಕಹಳೆಯಂತೆ ಸುತ್ತಿ ಬಾಯಿಗಿಟ್ಟು ಹೆಣ್ಣು ಮೂಸಿನ ಹಾಗೆ ಕೂಗಬೇಕು. ಕೂಗು ಸರಿಯಾಗಿದ್ದರೆ ಎರಡು ಮೈಲಿ ಆಚೆಯ ಗಂಡು ಪೊದೆ ಮುರಿದುಕೊಂಡು ಬರುತ್ತದೆ. ತಪ್ಪಿದರೆ ಬಂದ ದಾರಿ ಹಿಡಿಯುತ್ತದೆ, ಆ ವರ್ಷ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ.

ಫ್ಲೋರಾಳ ಮನೆಯಲ್ಲಿ ಕೂಗುತ್ತಿದ್ದವಳು ಅವಳ ತಾಯಿ ಸಾರಾಜೇನ್, ಗುಂಡು ಹೊಡೆಯುತ್ತಿದ್ದವನು ತಂದೆ ಜೊಸಾಯ. ಗಂಡಹೆಂಡಿರು ಒಂದೇ ದೋಣಿಯಲ್ಲಿ ಹೋಗಿ ಬರುತ್ತಿದ್ದರು. ಮೂಸಿನ ಮಾಂಸದಲ್ಲಿ ಎಲ್ಲಕ್ಕಿಂತ ರುಚಿ ಅದರ ಮೂಗು. ಕೂದಲು ಸುಟ್ಟು ಹೆರೆದು, ಅರ್ಧ ದಿನ ಬೇಯಿಸಿದರೆ ಬಾಯಲ್ಲಿಟ್ಟ ಕೂಡಲೇ ಕರಗುತ್ತದೆ. ಕರೆದವರಿಗೇ ಮೂಗು ಎನ್ನುವುದು ಆ ಮನೆಯ ರೂಢಿ. ಜೊಸಾಯ ಪ್ರತಿವರ್ಷವೂ ಅದನ್ನು ಹೆಂಡತಿಯ ತಟ್ಟೆಗೆ ಹಾಕಿ, "ತಗೊಳೇ, ನಿನ್ನ ಇನ್ನೊಬ್ಬ ಗಂಡನ ಮೂಗು" ಎನ್ನುತ್ತಿದ್ದ. ಅವಳು ಪ್ರತಿವರ್ಷವೂ ಚಮಚ ತೋರಿಸಿ ಹೊಡೆಯಲು ಹೋಗುತ್ತಿದ್ದಳು.

ಅಂಬ್ರೋಸ್ ಬಂದ ಏಳನೆಯ ವರ್ಷ ಜೊಸಾಯ ಸೌದೆ ಒಡೆಯುತ್ತಿದ್ದವನು ಹಾಗೇ ಕುಸಿದು ತೀರಿಕೊಂಡ. ಬಂದೂಕು ಅಳಿಯನ ಕೈಗೆ ಬಂತು. ಕೂಗುವವಳು ಮನೆಯಲ್ಲೇ ಇದ್ದಾಳೆ, ಹೊಡೆಯುವವನೂ ಇದ್ದಾನೆ, ಮತ್ತೇನು ಕಷ್ಟ ಎಂದು ಯಾರಾದರೂ ಕೇಳಬಹುದು. ನಮ್ಮ ಹಿರಿಯರ ಪೈಕಿ ಅತ್ತೆ ಅಳಿಯನ ಮುಖ ನೋಡುವುದಿಲ್ಲ, ಅವನೊಂದಿಗೆ ನೇರ ಮಾತಾಡುವುದಿಲ್ಲ, ಅವನ ದೋಣಿಯಲ್ಲಂತೂ ಕೂರುವುದೇ ಇಲ್ಲ. ಇದು ಜಗಳವಲ್ಲ, ಮರ್ಯಾದೆ. ನಾವು ಇದಕ್ಕೆ "ಅವರಿಬ್ಬರಿಗೂ ನಾಚಿಕೆ" ಎನ್ನುತ್ತೇವೆ. ಈಗಿನವರು ಬಿಟ್ಟಿದ್ದಾರೆ. ಸಾರಾಜೇನ್ ಬಿಟ್ಟವಳಲ್ಲ. ಮನೆಯ ನಡುವೆ ಕಂಬಳಿಯ ಪರದೆ ಕಟ್ಟಿ, ಆಚೆ ಅವಳು ಈಚೆ ಅಳಿಯ ಎಂದು ವರ್ಷಗಟ್ಟಲೆ ಒಂದೇ ಒಲೆಯ ಕಾವಿನಲ್ಲಿ ಬದುಕಿದರು. ಏನಾದರೂ ಹೇಳಬೇಕಾದರೆ ಫ್ಲೋರಾಳ ಮೂಲಕ ಹೇಳಬೇಕು.

ಪಾಠವೂ ಹಾಗೆಯೇ ನಡೆಯಿತು. ಪರದೆಯ ಆಚೆ ಸಾರಾಜೇನ್ ಕಹಳೆ ಹಿಡಿದು ಒಮ್ಮೆ ಕೂಗುವಳು. ಮೂಗಿನಲ್ಲಿ ಸಣ್ಣಗೆ ಹುಟ್ಟಿ, ಎದೆಯವರೆಗೆ ಇಳಿದು, ಕೊನೆಗೆ ಬೇಡಿಕೊಳ್ಳುವಂತೆ ತೆಳುವಾಗಿ ಮುಗಿಯುವ ಆ ಕೂಗನ್ನು ಕೇಳಿದರೆ ಮನೆಯ ನಾಯಿಗಳು ಎದ್ದು ನಿಲ್ಲುತ್ತಿದ್ದವು. ಈಚೆಯಿಂದ ಅಂಬ್ರೋಸ್ ಕೂಗುವನು. ನಾಯಿಗಳು ಮಲಗುತ್ತಿದ್ದವು.

"ಫ್ಲೋರಾ, ಅಳಿಯಂದ್ರಿಗೆ ಹೇಳು. ಅದು ಹೆಣ್ಣು ಮೂಸ್ ಅಲ್ಲ, ಬಾಗಿಲಿಗೆ ಬೆರಳು ಸಿಕ್ಕಿಸ್ಕೊಂಡ ಪಾದ್ರಿ."

"ಕೇಳಿಸ್ತಲ್ಲ?" ಎಂದಳು ಫ್ಲೋರಾ ಗಂಡನಿಗೆ.

"ಕೇಳಿಸ್ತು."

"ಅಮ್ಮ, ಕೇಳಿಸ್ತಂತೆ."

"ಹಸ್ಕೊಂಡು ಕೂಗಿದ್ ಹಂಗಿದೆ ಅನ್ನು. ಹೊಟ್ಟೆ ಹಸಿವಲ್ಲ ಅದು. ಆಸೆ ಇರ್ಬೇಕು ಅದ್ರಲ್ಲಿ."

"ಆಸೆ ಹೆಂಗ್ ತರೋದು ಅಂತ ಕೇಳು," ಎಂದ ಅಂಬ್ರೋಸ್.

"ಅದನ್ನ ನಮ್ಮಮ್ಮನ್ನ ಕೇಳ್ಬೇಕಾ ನಾನು? ನಾಚ್ಕೆ ಆಗಲ್ವಾ ನಿಂಗೆ?" ಎಂದು ಫ್ಲೋರಾ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಪರದೆಯ ಆಚೆ ಯಾರೋ ಶಾಲು ಬಾಯಿಗೆ ತುರುಕಿಕೊಂಡು ನಗುವ ಸದ್ದಾಯಿತು.

ಕಷ್ಟವೆಂದರೆ ಈ ವಿದ್ಯೆ ಕಿವಿಯಿಂದ ಅರ್ಧ ಮಾತ್ರ ಬರುತ್ತದೆ. ಮಿಕ್ಕರ್ಧ ಕಣ್ಣಿಂದ ಬರಬೇಕು. ಕೂಗುವವರ ಕೆನ್ನೆ ಎಲ್ಲಿ ಉಬ್ಬುತ್ತದೆ, ಕಹಳೆಯ ಬಾಯಿಯನ್ನು ಅಂಗೈ ಯಾವಾಗ ಮುಚ್ಚಿ ಯಾವಾಗ ಬಿಡುತ್ತದೆ, ಕಹಳೆಯನ್ನು ನೀರಿನ ಹತ್ತಿರದಿಂದ ಹೇಗೆ ಮೇಲೆತ್ತುತ್ತಾರೆ, ಇದನ್ನೆಲ್ಲ ಎದುರು ಕೂತು ನೋಡಬೇಕು. ಊರಿನ ಉಳಿದವರು ಅಪ್ಪನದೋ ಅಜ್ಜಿಯದೋ ಮುಖ ನೋಡಿ ಕಲಿತಿದ್ದರು. ಅಂಬ್ರೋಸ್ ಕಂಬಳಿ ನೋಡಿ ಕಲಿತ.

ಆ ವರ್ಷ ಮೂರು ವಾರ ಕೂಗಿದ. ಒಂದು ಕಿವಿಯೂ ಅಲುಗಲಿಲ್ಲ. ದೋಣಿಕಟ್ಟೆಯಲ್ಲಿ ಗಂಡಸರು ಅವನಿಗಾಗಿಯೇ ಕಾಯುತ್ತಿದ್ದರು. ಫ್ಲೋರಾಳ ಸೋದರಮಾವನ ಮಗ ನಾರ್ಬರ್ಟ್‌ಗಂತೂ ಭಾವನನ್ನು ಗೋಳುಹೊಯ್ದುಕೊಳ್ಳುವುದು ಹುಟ್ಟುಹಕ್ಕು.

"ಭಾವ, ನಿನ್ನೆ ಸಾಯಂಕಾಲ ಜೊಂಡಿನ ಕೊಲ್ಲಿ ಕಡೆ ಯಾವ್ದೋ ಪ್ರಾಣಿ ಸಾಯ್ತಾ ಇತ್ತಪ್ಪ. ಪಾಪ, ಬಹಳ ಹೊತ್ತು ನರಳ್ತು. ನಿಂಗೇನಾದ್ರೂ ಕೇಳಿಸ್ತಾ?"

ನಗುವಿಗೆ ಅಂಬ್ರೋಸ್ ಹೆದರಲಿಲ್ಲ. ಆದರೆ ನಕ್ಕವರೇ ಸಂಜೆ ಮನೆಗೆ ತೊಡೆ ಮಾಂಸ ಕಳಿಸುತ್ತಿದ್ದರು. ಜೊಸಾಯನ ಮನೆ ಇನ್ನೊಬ್ಬರ ಮಾಂಸ ತಿನ್ನುತ್ತಿದೆ ಎನ್ನುವುದು ಅವನ ಗಂಟಲಲ್ಲಿ ಇಳಿಯಲಿಲ್ಲ. ಅತ್ತೆ ಪರದೆಯ ಆಚೆ ಸುಮ್ಮನೆ ಉಣ್ಣುತ್ತಿದ್ದಳು.

ನಮ್ಮಲ್ಲಿ ಬೇಟೆಗೆ ಹೊರಟವನು ಬೇಟೆಗೆ ಹೋಗುತ್ತೇನೆ ಎನ್ನಬಾರದು. ಮೂಸಿಗೆ ಕೇಳಿಸಿಬಿಡುತ್ತದೆ. "ನಾಳೆ ಕೊಲ್ಲಿ ಕಡೆ ಸುಮ್ನೆ ನೋಡ್ಕೊಂಡು ಬರ್ತೀನಿ" ಎಂದ ಅಂಬ್ರೋಸ್ ಒಂದು ಸಂಜೆ. ಪರದೆಯ ಆಚೆಯಿಂದ, "ನಾನೂ ನಾಳೆ ಹಣ್ಣಿಗೆ ಹೋಗ್ಬೇಕು ಕಣೇ ಫ್ಲೋರಾ. ಕ್ರ್ಯಾನ್‌ಬೆರಿ ಕೆಂಪಾಗಿರ್ಬೇಕು" ಎನ್ನುವುದು ಕೇಳಿಸಿತು. ಯಾರೂ ಅದಕ್ಕೆ ಅರ್ಥ ಹಚ್ಚಲಿಲ್ಲ.

ಬೆಳಗ್ಗೆ ಜೊಂಡಿನ ಮೇಲೆಲ್ಲ ಬಿಳಿ ಮಂಜು ಕೂತಿತ್ತು. ಅಂಬ್ರೋಸ್ ಕೂಗಿದ. ಕಹಳೆಯಲ್ಲಿ ನೀರು ತುಂಬಿ, ಹೆಣ್ಣು ಮೂಸ್ ಉಚ್ಚೆ ಹೊಯ್ದ ಸದ್ದು ಬರುವಂತೆ ಸರೋವರಕ್ಕೆ ಸುರಿದ. ಮತ್ತೆ ಕೂಗಿದ. ಏನೂ ಇಲ್ಲ. ದೋಣಿ ತಿರುಗಿಸಬೇಕು ಎನ್ನುವಾಗ, ಎದುರಿಗೆ ನೀರಿನೊಳಕ್ಕೆ ಚಾಚಿದ ನೆಲಮೂಲೆಯ ಆಚೆಯಿಂದ ಒಂದು ಹೆಣ್ಣು ಕೂಗಿತು. ಸಣ್ಣಗೆ ಹುಟ್ಟಿ ಎದೆಗಿಳಿದು ತೆಳುವಾದ ಕೂಗು. ಕಾಡಿನೊಳಗಿಂದ ಗಂಡು ಗುಟುರು ಹಾಕಿತು, ಕೊಂಬಿಗೆ ಕೊಂಬೆ ತಗಲುವ ಸದ್ದು ಹತ್ತಿರ ಹತ್ತಿರ ಬಂತು. ದಡಕ್ಕೆ ಬಂದದ್ದು ಅಂಬ್ರೋಸನ ಕಡೆ ತಿರುಗಿಯೂ ನೋಡದೆ ಆ ಮೂಲೆಯ ಕಡೆ ನಡೆಯಿತು. ಅವನು ಹೊಡೆದ. ಒಂದೇ ಗುಂಡು.

ಚರ್ಮ ಸುಲಿದು, ಕತ್ತಿನ ಕೆಳಗೆ ಜೋಲುವ ತೊಗಲನ್ನು ಮರ್ಯಾದೆಯಿಂದ ಮರಕ್ಕೆ ತೂಗುಹಾಕಿ, ಮಾಂಸ ಹರಡಲು ಕೊಂಬೆ ಕಡಿಯೋಣವೆಂದು ಅವನು ಆ ಮೂಲೆಗೆ ಹೋದ. ಅಲ್ಲಿ ಕೆಸರಿನಲ್ಲಿ ರಬ್ಬರ್ ಬೂಟಿನ ಹೆಜ್ಜೆ ಇತ್ತು. ಚಿಕ್ಕ ಹೆಜ್ಜೆ. ಎಡಗಾಲಿನ ಹಿಮ್ಮಡಿಯಲ್ಲಿ ಚೌಕದ ತೇಪೆ. ಆ ತೇಪೆಯನ್ನು ಹಿಂದಿನ ಚಳಿಗಾಲದಲ್ಲಿ ಹಳೆಯ ಟ್ಯೂಬ್ ಕತ್ತರಿಸಿ ಹಚ್ಚಿದವನು ಅವನೇ. ಪಕ್ಕದಲ್ಲಿ ಸಣ್ಣ ದೋಣಿಯನ್ನು ನೀರಿಗೆ ತಳ್ಳಿದ ಗುರುತು ಇನ್ನೂ ಹಸಿಯಾಗಿತ್ತು.

ಆಗ ಅವನ ಎದೆಯಲ್ಲಿ ಮೊದಲು ಹುಟ್ಟಬೇಕಾದದ್ದು ಕೃತಜ್ಞತೆ. ಹುಟ್ಟಿದ್ದು ಹೆದರಿಕೆ. ಗುಂಡಿನ ಸದ್ದು ಕೇಳಿ ಮಾಂಸ ಹೊರಲು ನಾರ್ಬರ್ಟ್ ಮತ್ತಿತರರು ಇನ್ನೇನು ಬರುತ್ತಾರೆ, ಇದನ್ನು ನೋಡುತ್ತಾರೆ. ಅಂಬ್ರೋಸ್ ತನ್ನ ಬೂಟಿನಿಂದ ಆ ಹೆಜ್ಜೆಗಳನ್ನು ಒಂದೊಂದಾಗಿ ಉಜ್ಜಿ ಅಳಿಸಿದ.

ಮರುದಿನ ಮನೆ ತುಂಬ ಜನ. ಫ್ಲೋರಾ ಬೇಯಿಸಿದ ಮೂಗನ್ನು ಪಾತ್ರೆಯಿಂದ ಎತ್ತಿ ಹಿಡಿದು ನಿಂತಳು.

"ಯಾರ್ ಕರ್ದಿದ್ದು?" ಎಂದ ನಾರ್ಬರ್ಟ್.

ಫ್ಲೋರಾ ಗಂಡನ ಮುಖ ನೋಡಿದಳು. ಅಂಬ್ರೋಸ್ ತಟ್ಟೆ ನೋಡಿದ.

"ನಾನೇ."

ಮೂಗು ಅವನ ತಟ್ಟೆಗೆ ಬಿತ್ತು, ಅವನು ತಿಂದ. ಎಲ್ಲರೂ ನೋಡುತ್ತಿದ್ದರು, ಅದಕ್ಕೇ ಪೂರ್ತಿ ತಿಂದ. ಪರದೆಯ ಆಚೆ ಹೆಂಗಸರ ನಡುವಿನಿಂದ ಸಾರಾಜೇನಳ ದನಿ ಬಂತು: "ಅಳಿಯಂದ್ರು ಚೆನ್ನಾಗ್ ಕರೆದ್ರು ಅಂತ ಹೇಳೇ." ಅದರಲ್ಲಿ ಚುಚ್ಚುಮಾತು ಇತ್ತೋ ಇಲ್ಲವೋ ಅವನಿಗೆ ಗೊತ್ತಾಗಲಿಲ್ಲ. ಮುಖ ನೋಡಿದ್ದರೆ ಗೊತ್ತಾಗುತ್ತಿತ್ತು. ನೋಡುವಂತಿರಲಿಲ್ಲ. ಭೂಮಿ ಬಾಯಿಬಿಡಬಾರದೇ ಎಂದುಕೊಂಡು ಬಾಯಿ ಒರೆಸಿಕೊಂಡ.

ಹೀಗೆ ಒಂದು ವರ್ಷವಾಗಿದ್ದರೆ ಹೇಗೋ ಮರೆಯಬಹುದಿತ್ತು. ಹನ್ನೊಂದು ವರ್ಷ ನಡೆಯಿತು. ಪ್ರತಿ ಸೆಪ್ಟೆಂಬರಿನಲ್ಲಿ ಅಂಬ್ರೋಸ್ ಒಂದು ಸಂಜೆ ತಾನು ಎಲ್ಲಿಗೆ "ಸುಮ್ನೆ ನೋಡ್ಕೊಂಡು" ಬರುತ್ತೇನೆ ಎನ್ನುವುದನ್ನು ಬೇಕಾದ್ದಕ್ಕಿಂತ ಸ್ವಲ್ಪ ಗಟ್ಟಿಯಾಗಿ ಹೇಳುತ್ತಿದ್ದ. ಪರದೆಯ ಆಚೆ ಒಬ್ಬರಿಗೆ ಹಣ್ಣಿನ ನೆನಪಾಗುತ್ತಿತ್ತು. ಅವಳು ತಪ್ಪದೆ ಬಕೆಟ್ ತುಂಬ ಹಣ್ಣನ್ನೂ ತರುತ್ತಿದ್ದಳು. ಮೂಸ್ ಬರುತ್ತಿತ್ತು, ಅವನು ಮೂಗು ತಿನ್ನುತ್ತಿದ್ದ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಾದರೂ ಲೋಕಕ್ಕೆ ಕಾಣದು ಎಂದು ನಂಬುತ್ತದಂತೆ. ಇವನಿಗೆ ಆ ನಂಬಿಕೆಯೂ ಇರಲಿಲ್ಲ. ಊರು ಅವನಿಗೆ "ಕೊರಳು" ಎಂದು ಅಡ್ಡಹೆಸರಿಟ್ಟಿತು. ಕೊರಳು ಬಂದ, ಕೊರಳು ಹೋದ. ಪ್ರತಿಸಲ ಕರೆದಾಗಲೂ ಕೆನ್ನೆಗೆ ಹೊಡೆದಂತಾಗುತ್ತಿತ್ತು.

ಸಾಲ ತೀರಿಸುವವನ ಹಾಗೆ ಅವನು ಅತ್ತೆಗೆ ಏನೇನೋ ಮಾಡಿದ. ಅವಳ ಒಲೆಗೆಂದೇ ಸೌದೆಯನ್ನು ಸಣ್ಣಗೆ ಸೀಳಿದ, ದೋಣಿಯ ತೂತು ಮುಚ್ಚಿದ, ಅಂಗಡಿಯಿಂದ ಒಳ್ಳೆಯ ಟೀಪುಡಿ ತಂದ.

"ಅಮ್ಮಂಗೆ ಇಷ್ಟೊಂದ್ ಟೀ ಯಾಕೆ?" ಎಂದು ಫ್ಲೋರಾ ಒಂದು ದಿನ ಪಾತ್ರೆ ತೊಳೆಯುತ್ತ ಕೇಳಿದಳು.

"ಸುಮ್ನೆ."

ಅವಳು ಪಾತ್ರೆಯಿಂದ ಕಣ್ಣು ತೆಗೆಯದೆ, ದನಿ ತಗ್ಗಿಸಿ ಹೇಳಿದಳು: "ನೋಡು, ನಂಗೇನೂ ಗೊತ್ತಿಲ್ಲ. ಗೊತ್ತಿಲ್ದೇ ಇರೋದೇ ವಾಸಿ. ಇಂಥದ್ದೆಲ್ಲ ಬಾಯಿಗ್ ಬಂದ್ರೆ ನಾಚ್ಕೆಗೇಡು."

ಯಾರ ನಾಚಿಕೆಗೇಡು ಎಂದು ಅವಳು ಹೇಳಲಿಲ್ಲ. ಅಂಬ್ರೋಸ್ ತನ್ನದೇ ಎಂದುಕೊಂಡ. ತಪ್ಪು ಮಾಡಿದವನಿಗೆ ಜಗತ್ತೆಲ್ಲ ತನ್ನ ಬಗ್ಗೆಯೇ ಮಾತಾಡುತ್ತಿರುವಂತೆ ಕೇಳಿಸುತ್ತದೆ.

ಅಷ್ಟರಲ್ಲಿ ಊರಿಗೆ ರೇಡಿಯೋ ಬಂದಿತ್ತು. ನಮ್ಮದೇ ರೇಡಿಯೋ. ತಗಡಿನ ಒಂದು ಕೋಣೆ, ಒಂದು ಮೈಕು, ಮೈಕಿನ ಹಿಂದೆ ನಾರ್ಬರ್ಟ್. ಯಾರ ನಾಯಿ ಕಳೆದಿದೆ, ಯಾರ ಮಗಳಿಗೆ ಹುಟ್ಟುಹಬ್ಬ, ವಿಮಾನ ಇವತ್ತು ಬರುತ್ತದೋ ಇಲ್ಲವೋ, ಎಲ್ಲ ಅವನ ಬಾಯಿಂದಲೇ. ಮುದುಕಿಯರು ಬೆಳಗ್ಗೆ ಹಾಕಿದ ರೇಡಿಯೋ ಮಲಗುವವರೆಗೆ ಆರಿಸುತ್ತಿರಲಿಲ್ಲ. ಹನ್ನೆರಡನೆಯ ವರ್ಷದ ಸೆಪ್ಟೆಂಬರಿನಲ್ಲಿ ನಾರ್ಬರ್ಟ್ ಅಂಬ್ರೋಸನನ್ನು ಅಂಗಡಿಯ ಮುಂದೆ ಹಿಡಿದ.

"ಭಾವ, ನಾಳೆ ರೇಡಿಯೋಗೆ ಬಾ. ಕೊರಳು ಕಲಿತದ್ದು ಹೆಂಗೆ ಅಂತ ಹೇಳ್ಬೇಕು ನೀನು. ಹುಡುಗ್ರೆಲ್ಲ ಕೂಗಿನ ಟೇಪ್ ಹಾಕ್ಕೊಂಡು ಮೂಸ್ ಕರೀತಾವೆ ಈಗ. ಅವಕ್ಕೆ ಬುದ್ಧಿ ಬರ್ಲಿ."

ಒಲ್ಲೆ ಎನ್ನಲು ಅಂಬ್ರೋಸ್ ಬಾಯಿ ತೆರೆದ. ಆಮೇಲೆ, ದೇವರೇ ಬಾಗಿಲು ತೆರೆದಂತೆ ಕಂಡಿತು. ಇಡೀ ಊರು ಕೇಳುವಾಗ ನಿಜ ಹೇಳಿಬಿಡುತ್ತೇನೆ. ಅತ್ತೆಯ ಹೆಸರು ಅತ್ತೆಗೆ ಸೇರಲಿ. ಎಲ್ಲರೂ ನನ್ನ ಮುಖಕ್ಕೆ ಉಗಿಯಲಿ, ಪರವಾಗಿಲ್ಲ. ಇದು ಅವಳಿಗಾಗಿ ಎಂದೇ ಅವನು ನಂಬಿದ್ದ.

ಮರುದಿನ ಮೈಕಿನ ಮುಂದೆ ಕೂತ. ನಾರ್ಬರ್ಟ್ ಕಹಳೆಯನ್ನು ಅವನ ಮುಂದಿಟ್ಟು, "ಎಲ್ಲಿ ಭಾವ, ಒಂದ್ಸಲ. ರೇಡಿಯೋ ಮುಂದೆ ಮಲಗಿರೋ ಮುದ್ಕರೆಲ್ಲ ಎದ್ದು ಓಡ್ಬರ್ಲಿ" ಎಂದ.

"ನಾನ್ ಕೂಗಲ್ಲ," ಎಂದ ಅಂಬ್ರೋಸ್. "ನನ್ ಕೂಗಿಗೆ ಇವತ್ತಿನವರ್ಗೂ ಒಂದು ಮೂಸೂ ಬಂದಿಲ್ಲ. ಹನ್ನೊಂದ್ ವರ್ಷ ಕರೆದದ್ದು ನಮ್ಮತ್ತೆ. ಹಣ್ಣಿಗೆ ಅಂತ ಹೇಳಿ ಬಂದು, ಮೂಲೆ ಆಚೆ ಕೂತು ಕೂಗ್ತಿದ್ರು. ನಾನು ಈಚೆಯಿಂದ ಹೊಡೀತಿದ್ದೆ. ಮೂಗು ಮಾತ್ರ ನಾನ್ ತಿಂದೆ. ಕೊರಳು ನಾನಲ್ಲ. ಅವ್ರು."

 ರೇಡಿಯೋದವನಿಗೆ ಮೌನ ತಡೆಯಲಾಗುವುದಿಲ್ಲ, ನಾರ್ಬರ್ಟ್‌ನ ನಾಲಗೆ ತನ್ನ ಪಾಡಿಗೆ ತಾನೇ ಹೊರಳಿತು.

"ಅಲ್ಲಾ ಭಾವ, ಹನ್ನೊಂದ್ ವರ್ಷ ಕೊಲ್ಲೀಲಿ ಅತ್ತೆ ಅಳಿಯ ಇಬ್ರೇನಾ? ಅತ್ತೆ ಆಸೆಯಿಂದ ಕೂಗೋದು, ಅಳಿಯ ದೋಣಿ ತಗೊಂಡು ಓಡೋದು?"

ಅವನು ಕೆಟ್ಟ ಮನಸ್ಸಿನಿಂದ ಆಡಲಿಲ್ಲ. ಆಡಿಯಾಗಿತ್ತು. ತಾನೇ ನಕ್ಕ. ಆ ಹೊತ್ತಿಗೆ ಊರಿನ ಎಲ್ಲ ಅಡುಗೆಮನೆಗಳಲ್ಲೂ ನಗು ಎದ್ದಿತ್ತು.

ಅಂಬ್ರೋಸ್‌ಗೆ ಆ ಮಾತು ಸರಿಯಾಗಿ ಕಿವಿಗೇ ಹೋಗಲಿಲ್ಲ. ಹೊರಗೆ ಬಂದಾಗ ಮೈ ಎಷ್ಟು ಹಗುರವಾಗಿತ್ತೆಂದರೆ ಉದ್ದಕ್ಕೂ ನಡೆದೇ ಹೋದ. ದಾರಿಯಲ್ಲಿ ಜನ ಅವನನ್ನು ಕಂಡು ಬಾಯಿಗೆ ಕೈ ಅಡ್ಡ ಹಿಡಿದರು. ನನ್ನನ್ನು ನೋಡಿ ನಗುತ್ತಿದ್ದಾರೆ, ನಗಲಿ, ನನಗೆ ಆಗಬೇಕಾದದ್ದೇ ಎಂದು ಅವನಿಗೆ ಒಂಥರಾ ಸಂತೋಷವೇ ಆಯಿತು.

ಮನೆಯಲ್ಲಿ ರೇಡಿಯೋ ಆರಿತ್ತು. ಪರದೆಯ ಅಂಚಿನಲ್ಲಿ, ಗೋಡೆಗೆ ಮುಖ ಮಾಡಿ, ತಲೆಯ ಮೇಲೆ ಶಾಲು ಪೂರ್ತಿ ಎಳೆದುಕೊಂಡು ಕೂತ ಸಾರಾಜೇನಳ ಬೆನ್ನು ಕಾಣಿಸಿತು. ಫ್ಲೋರಾಳ ಕಣ್ಣು ಕೆಂಪಾಗಿತ್ತು. ಅವಳು ಗಂಡನನ್ನು ರಟ್ಟೆ ಹಿಡಿದು ಹೊರಗೆಳೆದಳು.

"ಏನ್ ಮಾಡ್ಬಿಟ್ಟೆ ನೀನು?"

"ನಿಜ ಹೇಳ್ದೆ."

"ಯಾರ್ದು? ನಿಂದಾ? ನಿಂದ್ ಹೇಳ್ಕೋಬೇಕಿತ್ತು. ಎಪ್ಪತ್ತು ವರ್ಷದ ಹೆಂಗ್ಸು. ಒಂದಿನ ನಿನ್ ಮುಖ ನೋಡಿಲ್ಲ, ನಿನ್ ದೋಣಿ ಮುಟ್ಟಿಲ್ಲ. ಅಳಿಯನ ಹಿಂದೆ ಕಾಡಿಗೆ ಹೋಗೋಳು ಅಂತ ಊರಿಗೆಲ್ಲ ಕೂಗಿ ಹೇಳ್ಬಿಟ್ಯಲ್ಲ. ಆಗ್ಲೇ ಕ್ಲಾರಿಸ್ ಅಜ್ಜಿ ಬಂದು, 'ಕೂಗ್ದಾಗ ನಿಂಗೆ ಹೆಂಗನಿಸ್ತಿತ್ತು ಸಾರಾ' ಅಂತ ಕೇಳಿ ನಕ್ಕೊಂಡ್ ಹೋದ್ಲು."

ಆಗ ಅಂಬ್ರೋಸ್‌ಗೆ ಅರ್ಥವಾಯಿತು. ಆ ನೆಲಮೂಲೆ ಅತ್ತೆ ಕಾಡಿನಲ್ಲಿ ಕಟ್ಟಿಕೊಂಡ ಪರದೆ. ಹಣ್ಣಿನ ಬಕೆಟ್ಟೂ ಪರದೆ. ಮನೆಯವರ ಹೊಟ್ಟೆಯೂ ತುಂಬಬೇಕು, ನಾಚಿಕೆಯೂ ಉಳಿಯಬೇಕು ಎಂದು ಅವಳು ಎಷ್ಟು ಜೋಪಾನದಿಂದ ಎಲ್ಲ ಹೊಂದಿಸಿದ್ದಳು! ಅವನು "ನಾನೇ" ಎಂದ ಸುಳ್ಳು ಕೂಡ ಅವಳನ್ನು ಮುಚ್ಚಿತ್ತು. ಹನ್ನೊಂದು ವರ್ಷ ಅವಳಿಗೆ ಬೇಕಾಗಿದ್ದದ್ದು ಮೂಗೂ ಅಲ್ಲ, ಹೆಸರೂ ಅಲ್ಲ. ಅವನು ಸುಮ್ಮನಿದ್ದಿದ್ದರೆ ಸಾಕಿತ್ತು. ಕದ್ದದ್ದಕ್ಕೆ ನಾಚಿಕೆಪಟ್ಟು ಪಟ್ಟು, ಕೊನೆಗೆ ತನ್ನ ಕೊಳೆ ತೊಳೆದ ನೀರನ್ನು ಅವಳ ತಲೆಯ ಮೇಲೆಯೇ ಸುರಿದಿದ್ದ.

ಅವನು ಓಡಿದ. ರೇಡಿಯೋ ಕೋಣೆಗೆ ಹೋಗಿ ಮೈಕು ಕಿತ್ತುಕೊಂಡು, "ಎಲ್ಲ ಸುಳ್ಳು, ತಮಾಷೆಗೆ ಹೇಳ್ದೆ, ಕರೆದದ್ದು ನಾನೇ" ಎಂದ. ಏದುಸಿರು ಬಿಡುತ್ತ ಹೇಳಿದ ಆ ಮಾತನ್ನು ಊರು ನಂಬುವುದೇ? ಇನ್ನಷ್ಟು ನಕ್ಕಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾರ್ಬರ್ಟ್ ಮಾತ್ರ ನಗಲಿಲ್ಲ. ಮೈಕು ಆರಿಸಿ, "ನಂದೇ ಬಾಯಿ ಹರಿದೋಯ್ತು ಭಾವ" ಎಂದು ತಲೆ ತಗ್ಗಿಸಿ ಕೂತ.

ಆ ಭಾನುವಾರ ಸಾರಾಜೇನ್ ಚರ್ಚಿಗೆ ಹೋಗಲಿಲ್ಲ. ನೀರಿಗೂ ಹೋಗಲಿಲ್ಲ. ಫ್ಲೋರಾ ಊಟಕ್ಕಿಟ್ಟರೆ ಎರಡು ತುತ್ತು ಉಣ್ಣುವಳು. ಅಂಬ್ರೋಸ್ ಒಳಗೆ ಬಂದರೆ ಪರದೆಯ ಆಚೆ ಉಸಿರು ಕೂಡ ನಿಂತಂತಾಗುತ್ತಿತ್ತು. ಅವನು ಹೊರಗೇ ಹೆಚ್ಚು ಹೊತ್ತು ಕಳೆದ. ಬೇಡದ ಸೌದೆಯನ್ನೂ ಒಡೆದ.

ನಾಲ್ಕನೆಯ ದಿನ ಬೆಳಗ್ಗೆ ಅವನು ಬೂಟು ಹಾಕಿಕೊಳ್ಳುತ್ತಿದ್ದಾಗ ಪರದೆಯ ಆಚೆಯಿಂದ ದನಿ ಬಂತು. ಕೋಪದ ದನಿಯಲ್ಲ, ದಣಿದ ದನಿ.

"ಫ್ಲೋರಾ, ಅಳಿಯಂದ್ರನ್ನ ಒಂದ್ ಮಾತು ಕೇಳು. ಹೇಳ್ಕೊಂಡ್ಮೇಲೆ ಹಗುರ ಆಯ್ತಾ ಅಂತ."

ಫ್ಲೋರಾ ಕೇಳಲಿಲ್ಲ. ಒಲೆಯ ಕಡೆ ತಿರುಗಿ ನಿಂತಳು. ಅಂಬ್ರೋಸ್ ಕೈಯಲ್ಲಿದ್ದ ಬೂಟನ್ನು ಕೆಳಗಿಟ್ಟ. ಇಲ್ಲ ಎಂದು ಹೇಳಬೇಕೆನಿಸಿತು. ಆದರೆ ಆ ದಿನ ರೇಡಿಯೋ ಕೋಣೆಯಿಂದ ಮನೆಯವರೆಗೆ ಅವನು ಹೇಗೆ ನಡೆದುಬಂದಿದ್ದ ಎನ್ನುವುದು ಅವನಿಗೆ ನೆನಪಿತ್ತು. ಈ ಹೆಂಗಸಿಗೆ ಇನ್ನೊಂದು ಸುಳ್ಳು ಹೇಳಲು ಅವನಿಂದಾಗಲಿಲ್ಲ.

"ಆಯ್ತು ಅಂತ ಹೇಳು," ಎಂದ.



"ಹಂಗಾದ್ರೆ ಸರಿ," ಎಂದಳು ಸಾರಾಜೇನ್. "ಒಬ್ಬರಿಗಾದ್ರೂ ಆಯ್ತಲ್ಲ."